ಮಣ್ಣಿನ ಮನೆಯೂ ಖರ್ಚಿನ ಎಣಿಕೆಯೂ

(ಲೂಕ 14ನೆಯ ಅಧ್ಯಾಯದ 28ರಿಂದ 30ನೆಯ ವಚನಗಳನ್ನು ಓದಿರಿ.)



ಅಸ್ತಿವಾರವನ್ನು ಹಾಕಿ, ಕೆಲಸವನ್ನು ಮುಗಿಸಲಾರದೆ, ನೆರೆಯವರ ನಗೆಗೆ ಗುರಿಯಾದ ಮನುಷ್ಯನ ಸಾಮ್ಯವನ್ನು ನಮ್ಮ ಕರ್ತನು ಹೇಳಿದನು. ಅಂಥವನು ಯೆಹೂದ ದೇಶದಲ್ಲಿ ಮಾತ್ರ ಇದ್ದನೆಂದು ನೆನಸಬೇಡಿರಿ. ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಹಳ್ಳಿಗಳಲ್ಲಿಯೂ ಕಂಬಗಳ ತುದಿಯಲ್ಲಿ ಕಬ್ಬಿಣದ ಸರಳುಗಳು ತುಕ್ಕುಹಿಡಿದು ನಿಂತಿರುವ ಮನೆಗಳುಂಟು. ಮನೆಯೂ ಮುಗಿಯಲಿಲ್ಲ, ಸಾಲವೂ ತೀರಲಿಲ್ಲ. ಮಣ್ಣಿನ ಮನೆಯಲ್ಲಿದ್ದರೆ ನೆಂಟರು ಏನನ್ನುವರೋ ಎಂಬ ನಾಚಿಕೆಯೇ ಅನೇಕರನ್ನು ಈ ಕಷ್ಟಕ್ಕೆ ದೂಡುತ್ತದೆ.

ಮಣ್ಣು ನಾಚಿಕೆಯ ವಸ್ತುವೋ? ಆದಿಯಲ್ಲಿ ಮನುಷ್ಯನನ್ನು ರೂಪಿಸುವದಕ್ಕೆ ದೇವರು ತೆಗೆದುಕೊಂಡದ್ದು ಅದನ್ನೇ ಅಲ್ಲವೋ? ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ ಸೋಲಿಗರು ಬಿದಿರಿನ ತಡಿಕೆಗೆ ಮಣ್ಣು ಮೆತ್ತಿ, ಹುಲ್ಲು ಹೊದಿಸಿ, ತಮ್ಮ ಮನೆಗಳನ್ನು ತಾವೇ ಕಟ್ಟಿಕೊಂಡು ಬಂದವರು. ಬಯಲಿನವರು ದಪ್ಪನಾದ ಮಣ್ಣಿನ ಗೋಡೆಯ ಮೇಲೆ ಹೆಂಚು ಹೊದಿಸಿದರು. ಅನುಕೂಲವುಳ್ಳವರು ತೊಟ್ಟಿಮನೆಯನ್ನು ಕಟ್ಟಿದರು. ಅಂಥ ಗೋಡೆಯು ಹಗಲಿನ ಬಿಸಿಲನ್ನು ಬೇಗನೆ ಒಳಗೆ ಬಿಡದು. ಬಾಸೆಲ್ ಮಿಷನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆಯನ್ನು ತೆರೆದು ಮಾಡಿದ ಹೆಂಚೂ ಸುಟ್ಟ ಜೇಡಿಮಣ್ಣೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದ ವಿದ್ವಾಂಸರು, ಮಣ್ಣಿಗೆ ನೂರಕ್ಕೆ 5ರಿಂದ 8 ಪಾಲು ಸಿಮೆಂಟನ್ನು ಬೆರೆಸಿ ಯಂತ್ರದಲ್ಲಿ ಒತ್ತಿದ, ಸುಡದ ಇಟ್ಟಿಗೆಯನ್ನು ಬಳಕೆಗೆ ತಂದರು. ಪಂಡಿತರು ಹೀನವೆಣಿಸದ್ದನ್ನು ನಾವು ಹೀನವೆಣಿಸುವದೇಕೆ?

ಆದರೂ ಮಣ್ಣು ಸೋಮಾರಿಯನ್ನು ಸಹಿಸದು. ಮೊದಲು ಅದನ್ನು ಪರೀಕ್ಷಿಸಿರಿ. ಗಾಜಿನ ಸೀಸೆಯಲ್ಲಿ ಮಣ್ಣನ್ನೂ ನೀರನ್ನೂ ಹಾಕಿ, ಕುಲುಕಿ, ಒಂದು ದಿನ ಇಟ್ಟರೆ ಮರಳು ತಳದಲ್ಲಿಯೂ ಜೇಡಿ ಮೇಲೆಯೂ ನಿಲ್ಲುವದು. ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವದರಿಂದ ಗೋಡೆಗೆ ತಕ್ಕದ್ದಲ್ಲ. ಮರಳು ಬೆರೆತ ಕೆಮ್ಮಣ್ಣು ಒಳ್ಳೆಯದು. ಅದನ್ನು ನೆನೆಯಿಟ್ಟು, ಹುಲ್ಲು ಬೆರೆಸಿ, ಕಾಲಿನಿಂದ ತುಳಿದು ಹದಮಾಡಬೇಕು. ಒಂದು ವರಸೆ ಒಣಗಿದ ಮೇಲೆಯೇ ಮತ್ತೊಂದನ್ನು ಇಡಬೇಕು. ಆತುರಪಟ್ಟರೆ ಗೋಡೆ ಕುಸಿಯುವದು. ಕೆಳಗೆ ಕಲ್ಲಿನ ತಳಪಾಯವೂ ಮೇಲೆ ಮುಂಚಾಚಿದ ಸೂರೂ ಇದ್ದರೆ ಅದು ತಲೆಮಾರುಗಳವರೆಗೆ ನಿಲ್ಲುವದು. ವರುಷ ವರುಷ ಮುಂಗಾರಿಗೆ ಮೊದಲು ಹೆಂಚನ್ನು ಸರಿಪಡಿಸಿ, ಗೆದ್ದಲನ್ನು ಕೆಡವಿ, ಗೋಡೆಯನ್ನು ಸಾರಿಸಬೇಕು. ನಮ್ಮ ಅಂತರಂಗವೂ ಹಾಗೆಯೇ. ಒಂದು ಸಾರಿ ಕಟ್ಟಿ ಮರೆತುಬಿಡುವಂಥದಲ್ಲ.

ಖರ್ಚನ್ನು ಎಣಿಸುವಾಗ ಪರರ ಪಾಲನ್ನೂ ಎಣಿಸಿರಿ. ಮಣ್ಣು ತುಳಿದವನ ಕೂಲಿಯನ್ನು ಸಂಜೆಗೇ ಕೊಡಿರಿ. ಕೂಲಿ ಕೊಡದೆ ಕಟ್ಟಿದ ಮನೆಯ ವಿಷಯದಲ್ಲಿ ಯೆರೆಮೀಯ ಪ್ರವಾದಿಯು ಎಷ್ಟು ಕಠಿಣವಾಗಿ ಮಾತಾಡಿದ್ದಾನೆಂದು ಬಲ್ಲಿರಿ. 1973ರಿಂದ ಹುಲಿಗಳ ರಕ್ಷಿತಾರಣ್ಯವಾಗಿರುವ ಬಂಡೀಪುರದಿಂದ ಬಿದಿರನ್ನು ಕದ್ದು ತರಬೇಡಿರಿ. 2006ರ ಅರಣ್ಯ ಹಕ್ಕು ಕಾಯಿದೆಯು ಬಿದಿರು ಮೊದಲಾದ ಕಿರು ಉತ್ಪನ್ನಗಳ ಹಕ್ಕನ್ನು ಕೊಟ್ಟಿರುವದು ಕಾಡಿನಲ್ಲಿ ವಾಸಿಸುವ ಜನರಿಗೆ. ಉಳಿದವರು ಕ್ರಯಕೊಟ್ಟು ಕೊಳ್ಳಲಿ.

ಸಿಮೆಂಟಿನ ಮನೆ ಪಾಪವೆಂದು ನಾನು ಹೇಳುವದಿಲ್ಲ. ಕೈಯಲ್ಲಿ ಹಣವುಳ್ಳವನು ಕಟ್ಟಲಿ. ಆದರೆ ನೆಂಟರ ಮೆಚ್ಚಿಕೆಗಾಗಿ ಮಕ್ಕಳ ಅನ್ನವನ್ನು ಅಡವಿಡುವದು ಜ್ಞಾನವಲ್ಲ. ಆದಕಾರಣ ಸಾಲಪತ್ರಕ್ಕೆ ರುಜುಹಾಕುವ ಮೊದಲು ಗಂಡಹೆಂಡಿರಿಬ್ಬರೂ ಕುಳಿತು ಲೆಕ್ಕಮಾಡಿರಿ. ಗೋಡೆ ಇಡಬಲ್ಲ ವೃದ್ಧರು ಊರಲ್ಲಿದ್ದರೆ ಅವರನ್ನು ಕರೆಯಿರಿ. ಅವರ ಜೊತೆಯಲ್ಲಿ ನಿಮ್ಮ ಮಕ್ಕಳೂ ಮಣ್ಣು ತುಳಿದು ಕಲಿಯಲಿ. ಋಣವಿಲ್ಲದ ಚಿಕ್ಕ ಮನೆಯಲ್ಲಿ ನೀವು ನೆಮ್ಮದಿಯಿಂದ ಮಲಗುವಂತೆ ದೇವರು ಅನುಗ್ರಹಿಸಲಿ. ಆಮೆನ್.