ಸತ್ಯಶೋಧನೆಯೂ ಆತ್ಮವಂಚನೆಯೂ

ಅನ್ಯರಿಗೆ ಸುಳ್ಳು ಹೇಳದಿರುವುದು ಸತ್ಯವ್ರತದ ಮೊದಲನೆಯ ಮೆಟ್ಟಿಲೆಂಬುದನ್ನು ಎಲ್ಲರೂ ಬಲ್ಲರು. ಆದರೆ ತನಗೆ ತಾನೇ ಸುಳ್ಳು ಹೇಳಿಕೊಳ್ಳದಿರುವುದು ಹೇಗೆ ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ವಿಚಾರಿಸುವುದಿಲ್ಲ. ಪರರನ್ನು ವಂಚಿಸುವವನಿಗೆ ತಾನು ವಂಚಿಸುತ್ತಿರುವೆನೆಂಬ ಅರಿವಾದರೂ ಇರುತ್ತದೆ. ಆತ್ಮವಂಚನೆಗೆ ಒಳಗಾದವನಿಗೆ ಆ ಅರಿವೂ ಇರುವುದಿಲ್ಲ. ಪರಸ್ಥಳದಿಂದ ರಾತ್ರಿ ಬರಬೇಕಾದ ಮಗನಿಗಾಗಿ ಕಾದು ಕುಳಿತ ತಾಯಿಗೆ ಬೀದಿಯಲ್ಲಿ ಕೇಳುವ ಒಂದೊಂದು ಹೆಜ್ಜೆಯ ಸಪ್ಪಳವೂ ಮಗನದೆಂದೇ ತೋರುತ್ತದೆ. ಅವಳು ಅಸತ್ಯವಾದಿಯಲ್ಲ, ಅವಳ ಕಿವಿಯಲ್ಲಿ ದೋಷವೂ ಇಲ್ಲ. ಕಿವಿಗಿಂತ ಮುಂಚೆ ಅವಳ ಆಸೆ ಬಾಗಿಲಿಗೆ ಹೋಗಿರುತ್ತದೆ. ಹೀಗಿರುವಲ್ಲಿ, ಆಸೆಯುಳ್ಳ ಮನುಷ್ಯನು ಸತ್ಯವನ್ನು ಇದ್ದಂತೆಯೇ ಕೇಳುವುದು ಸಾಧ್ಯವೆ? ಆಸೆಯನ್ನೇ ತೊರೆಯಬೇಕೆಂದು ವಿರಕ್ತರು ಹೇಳಿಯಾರು. ಆದರೆ ಆಸೆಯಿಲ್ಲದವನು ಹುಡುಕಲು ಹೊರಡುವುದೇ ಇಲ್ಲ. ಈ ಇಕ್ಕಟ್ಟಿಗೆ ಒಂದು ಉತ್ತರವು ಇತ್ತೀಚಿನ ಭೌತವಿಜ್ಞಾನದ ಚರಿತ್ರೆಯಲ್ಲಿ ದೊರೆಯುತ್ತದೆ. ವಾಚಕರ ಮುಂದೆ ಅದನ್ನು ಇಡುವುದು ಈ ಲೇಖನದ ಉದ್ದೇಶ.

ಗುರುತ್ವಾಕರ್ಷಣೆಯೂ ಅಲೆಯಾಗಿ ಹರಡಬಲ್ಲುದೆಂದು ಐನ್‌ಸ್ಟೈನನು 1916ರಲ್ಲಿ ಗಣಿತದಿಂದ ಊಹಿಸಿದನು. ಎರಡು ಮಹಾಭಾರದ ಆಕಾಶಕಾಯಗಳು ಒಂದನ್ನೊಂದು ಸುತ್ತಿ ಕೂಡಿಕೊಂಡರೆ, ಕೊಳದಲ್ಲಿ ಕಲ್ಲು ಬಿದ್ದಾಗ ನೀರು ಅಲೆಯುವಂತೆ ಆಕಾಶವೇ ಅಲೆಯಬೇಕು. ಆದರೆ ಆ ಅಲೆ ಭೂಮಿಗೆ ಬರುವಷ್ಟರಲ್ಲಿ ಊಹೆಗೂ ನಿಲುಕದಷ್ಟು ಕ್ಷೀಣವಾಗಿರುತ್ತದೆ. ಅದನ್ನು ಹಿಡಿಯಲು ಅಮೆರಿಕದ ಕ್ಯಾಲ್‌ಟೆಕ್ ಮತ್ತು ಎಂ.ಐ.ಟಿ. ಎಂಬ ಎರಡು ವಿದ್ಯಾಪೀಠಗಳ ನೇತೃತ್ವದಲ್ಲಿ ‘ಲೈಗೊ’ ಎಂಬ ವೀಕ್ಷಣಾಲಯವು ನಿರ್ಮಿತವಾಯಿತು. ಇದರಲ್ಲಿ ಲಂಬಕೋನವಾಗಿ ಚಾಚಿದ, ತಲಾ 4 ಕಿಲೋಮೀಟರ್ ಉದ್ದದ ಎರಡು ನಳಿಗೆಗಳಿವೆ. ಅವುಗಳ ತುದಿಯಲ್ಲಿ ತೂಗುಹಾಕಿದ ಕನ್ನಡಿಗಳ ನಡುವೆ ಲೇಸರ್ ಕಿರಣವು ಓಡಾಡುತ್ತದೆ. ಅಲೆ ಹಾದುಹೋದರೆ ಒಂದು ತೋಳು ಕಿಂಚಿತ್ತು ಉದ್ದವಾಗಿ ಮತ್ತೊಂದು ಕುಗ್ಗಬೇಕು. ಆ ವ್ಯತ್ಯಾಸವಾದರೋ ಪ್ರೋಟಾನಿನ ಅಗಲದ ನೂರರಲ್ಲೊಂದು ಪಾಲಿಗಿಂತಲೂ ಕಡಮೆ! ಇಷ್ಟು ಸೂಕ್ಷ್ಮವಾದ ಕಿವಿಗೆ ದೂರದ ಸಮುದ್ರದ ಅಲೆ, ಹಾದುಹೋಗುವ ರೈಲು, ಮರ ಕಡಿಯುವ ಸದ್ದು ಎಲ್ಲವೂ ಕೇಳುತ್ತವೆ. ಆದಕಾರಣ ವಾಷಿಂಗ್‌ಟನ್ ಸಂಸ್ಥಾನದ ಹ್ಯಾನ್‌ಫರ್ಡಿನಲ್ಲಿ ಒಂದು, ಸುಮಾರು 3,000 ಕಿಲೋಮೀಟರ್ ದೂರದಲ್ಲಿ ಲೂಸಿಯಾನದ ಲಿವಿಂಗ್‌ಸ್ಟನ್ನಿನಲ್ಲಿ ಇನ್ನೊಂದು, ಹೀಗೆ ಎರಡು ಯಂತ್ರಗಳನ್ನು ಸ್ಥಾಪಿಸಿದರು. ಎರಡರಲ್ಲಿಯೂ ಹೆಚ್ಚುಕಡಮೆ ಏಕಕಾಲದಲ್ಲಿ ಒಂದೇ ಬಗೆಯ ಕಂಪನ ಕಂಡರೆ ಮಾತ್ರ ಅದು ವಿಚಾರಯೋಗ್ಯ.

ಯಂತ್ರದ ಗದ್ದಲಕ್ಕೆ ಇಷ್ಟು ಎಚ್ಚರಿಕೆ ಸಾಕಾದೀತು. ಆದರೆ ಮನಸ್ಸಿನ ಗದ್ದಲಕ್ಕೆ? ಈ ಕ್ಷೇತ್ರದಲ್ಲಿ ಅದಕ್ಕೆ ಒಂದು ದುಃಖಕರವಾದ ಹಳೆಯ ಪಾಠವಿದ್ದಿತು. ಮೇರಿಲೆಂಡ್ ವಿಶ್ವವಿದ್ಯಾನಿಲಯದ ಜೋಸೆಫ್ ವೆಬರ್ ಎಂಬವರು ಅಲ್ಯೂಮಿನಿಯಮ್ಮಿನ ಭಾರಿ ಉರುಳೆಗಳನ್ನು ತೂಗುಹಾಕಿ, ಗುರುತ್ವ ತರಂಗಗಳ ಕುರುಹು ದೊರೆಯಿತೆಂದು 1969ರಲ್ಲಿ ಸಾರಿದರು. ಇತರರು ಅಂತಹವೇ ಉಪಕರಣಗಳನ್ನು ಕಟ್ಟಿ ನೋಡಿದರು, ಏನೂ ಕಾಣಲಿಲ್ಲ. ಒಮ್ಮೆ ವೆಬರರು ತಮ್ಮ ದಾಖಲೆಯನ್ನು ಮತ್ತೊಂದು ವಿಶ್ವವಿದ್ಯಾನಿಲಯದ ದಾಖಲೆಯೊಡನೆ ಹೋಲಿಸಿ, ಎರಡರಲ್ಲಿಯೂ ಏಕಕಾಲದ ಕಂಪನಗಳಿವೆಯೆಂದು ಹೇಳಿದರು. ಆಮೇಲೆ ತಿಳಿದುಬಂದುದೇನೆಂದರೆ, ಎರಡು ಕಡೆಯ ಗಡಿಯಾರಗಳು ಬೇರೆ ಬೇರೆ ಕಾಲಮಾನವನ್ನು ಅನುಸರಿಸುತ್ತಿದ್ದುವು. ಏಕಕಾಲವೆಂದು ಭಾವಿಸಿದ ಘಟನೆಗಳ ನಡುವೆ ನಾಲ್ಕು ಗಂಟೆಗಳ ಅಂತರವಿದ್ದಿತು! ವೆಬರರನ್ನು ಯಾರೂ ಮೋಸಗಾರರೆನ್ನಲಾರರು. ಈ ಶೋಧನೆಯ ದಾರಿಯನ್ನು ಮೊದಲು ತುಳಿದ ಧೀರರು ಅವರು. 2000ದಲ್ಲಿ ತೀರಿಕೊಳ್ಳುವವರೆಗೂ ತಮ್ಮ ನಂಬಿಕೆಯನ್ನು ಬಿಡಲಿಲ್ಲ. ನಾಲ್ಕು ಗಂಟೆಗಳ ಅಂತರದಲ್ಲಿಯೂ ಅವರಿಗೆ ಹೊಂದಾಣಿಕೆಯನ್ನು ತೋರಿಸಿಕೊಟ್ಟುದು ಅವರ ಕಪಟವಲ್ಲ, ಅವರ ಹಂಬಲ.

ಈ ಪಾಠವನ್ನು ಮನಸ್ಸಿನಲ್ಲಿಟ್ಟುಕೊಂಡ ಮುಂದಿನವರು ಒಂದು ವಿಚಿತ್ರವಾದ ಒಪ್ಪಂದವನ್ನು ಮಾಡಿಕೊಂಡರು. ತಮ್ಮೊಳಗೇ ನಾಲ್ಕಾರು ಮಂದಿಗೆ, ಯಾರಿಗೂ ತಿಳಿಸದೆ ಯಂತ್ರದ ಕನ್ನಡಿಗಳನ್ನು ಅಲುಗಿಸಿ ಹುಸಿ ಅಲೆಯೊಂದನ್ನು ಸೇರಿಸುವ ಅಧಿಕಾರವನ್ನು ಕೊಟ್ಟರು. ಅಂತಹುದು ನಡೆಯಬಹುದೆಂಬುದು ಎಲ್ಲರಿಗೂ ಗೊತ್ತು; ನಡೆದಿದೆಯೇ, ಯಾವಾಗ ನಡೆಯಿತು ಎಂಬುದು ಆ ಕೆಲವರ ಹೊರತು ಯಾರಿಗೂ ತಿಳಿಯದು. 2010ರ ಸೆಪ್ಟೆಂಬರ್ 16ರಂದು ಯಂತ್ರಗಳಲ್ಲಿ ಸ್ಫುಟವಾದ ಸಂಕೇತವೊಂದು ಕಂಡಿತು. ಮಹಾಶ್ವಾನವೆಂಬ ನಕ್ಷತ್ರರಾಶಿಯ ದಿಕ್ಕಿನಿಂದ ಬಂದಂತೆ ತೋರಿದ್ದರಿಂದ ಅದಕ್ಕೆ ‘ದೊಡ್ಡ ನಾಯಿ’ ಎಂಬ ಅಡ್ಡಹೆಸರು ಬಿದ್ದಿತು. ನೂರಾರು ವಿಜ್ಞಾನಿಗಳು ಆರು ತಿಂಗಳ ಕಾಲ ಅದನ್ನು ಜಾಲಿಸಿದರು, ಶೋಧಿಸಿದರು, ವಾದಿಸಿದರು. ಬರಿಯ ಆಕಸ್ಮಿಕದಿಂದ ಇಂತಹ ಸಂಕೇತವು 7,000 ವರ್ಷಗಳಿಗೊಮ್ಮೆ ಬಂದರೆ ಬಂದೀತೆಂದು ಲೆಕ್ಕ ಕಟ್ಟಿದರು. ಪ್ರಕಟಣೆಗೆ ಲೇಖನವನ್ನೂ ಸಿದ್ಧಪಡಿಸಿದರು. 2011ರ ಮಾರ್ಚ್ 14ರಂದು ಕ್ಯಾಲಿಫೋರ್ನಿಯಾದ ಆರ್ಕೇಡಿಯಾದಲ್ಲಿ ಎಲ್ಲರೂ ಕೂಡಿದರು. ‘ಲಕೋಟೆ ಒಡೆಯುವುದು’ ಎಂದು ಅವರು ಕರೆಯುತ್ತಿದ್ದ ಆ ಸಮಾರಂಭದಲ್ಲಿ ಗುಟ್ಟು ಹೊರಬಿದ್ದಿತು: ಅದು ಆಕಾಶದಿಂದ ಬಂದುದಲ್ಲ, ತಮ್ಮವರೇ ಸೇರಿಸಿದ ಹುಸಿ ಅಲೆ. ಬರೆದ ಲೇಖನವನ್ನು ಶೋಧನೆಯೆಂದು ಪ್ರಕಟಿಸುವಂತಿರಲಿಲ್ಲ.

ಇಲ್ಲಿ ಒಂದು ಆಕ್ಷೇಪವು ಸಹಜವಾಗಿಯೇ ಏಳುತ್ತದೆ. ಸತ್ಯವನ್ನು ಹುಡುಕಲು ಹೊರಟವರು ಸುಳ್ಳನ್ನು ಸಾಧನವಾಗಿ ಮಾಡಿಕೊಳ್ಳಬಹುದೆ? ಕೆಸರಿನಿಂದ ಕೆಸರನ್ನು ತೊಳೆಯಲಾದೀತೆ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಮಗನ ಪ್ರಾಮಾಣಿಕತೆಯನ್ನು ನೋಡಬೇಕೆಂದು ತಂದೆಯೊಬ್ಬನು ಮೇಜಿನ ಮೇಲೆ ಹಣವನ್ನು ಬೇಕೆಂದೇ ಬಿಟ್ಟು ಮರೆಯಲ್ಲಿ ನಿಂತರೆ, ಆ ಪರೀಕ್ಷೆಯಲ್ಲಿ ಮಗನು ಗೆದ್ದರೂ ಮನೆ ಸೋಲುತ್ತದೆ. ತನ್ನನ್ನು ನಂಬಲಿಲ್ಲವೆಂಬ ನೋವು ಮಗನಲ್ಲಿ ಉಳಿಯುತ್ತದೆ. ಹಾಗಾದರೆ ಲೈಗೊದ ಪರೀಕ್ಷೆ ಇದಕ್ಕಿಂತ ಹೇಗೆ ಬೇರೆ?

ಮೂರು ವಿಧದಲ್ಲಿ ಬೇರೆಯೆಂದು ನನ್ನ ಅಭಿಪ್ರಾಯ. ಮೊದಲನೆಯದಾಗಿ, ಪರೀಕ್ಷೆಗೆ ಗುರಿಯಾದವರೇ ಅದನ್ನು ಮುಂಚಿತವಾಗಿ ಒಪ್ಪಿಕೊಂಡಿದ್ದರು. ಮೇಲಿನವನು ಕೆಳಗಿನವನ ಮೇಲೆ ಒಡ್ಡಿದ ಬಲೆ ಅದಲ್ಲ. ಎರಡನೆಯದಾಗಿ, ಗುಟ್ಟನ್ನು ಬಿಚ್ಚುವುದು ಆ ಒಪ್ಪಂದದ ಒಂದು ಅಂಗವೇ ಆಗಿದ್ದಿತು. ಸುಳ್ಳಾದರೋ ತಾನಾಗಿ ಬಯಲಾಗುವ ದಿನವನ್ನು ಎಂದೂ ಗೊತ್ತುಮಾಡಿಕೊಳ್ಳುವುದಿಲ್ಲ. ಮೂರನೆಯದಾಗಿ, ಪರೀಕ್ಷಿಸಿದ್ದು ಒಬ್ಬನ ಶೀಲವನ್ನಲ್ಲ. ಎಲ್ಲರಿಗೂ ಸಮಾನವಾದ ದೌರ್ಬಲ್ಯವನ್ನು, ಬಯಸಿದುದನ್ನೇ ಕಾಣುವ ಮನುಷ್ಯಸ್ವಭಾವವನ್ನು. ಅಕ್ಕಸಾಲಿಗನು ಚಿನ್ನವನ್ನು ಒರೆಗಲ್ಲಿಗೆ ತಿಕ್ಕಿದರೆ ಗಿರಾಕಿಗೆ ಅವಮಾನವಾಗುವುದಿಲ್ಲ. ಕಣ್ಣಳತೆಯನ್ನು ನಂಬಬಾರದೆಂಬುದು ಇಬ್ಬರಿಗೂ ತಿಳಿದಿರುತ್ತದೆ.

ಆದರೂ ಇದರ ಬೆಲೆ ಅಲ್ಪವಲ್ಲ. ಆರು ತಿಂಗಳ ಶ್ರಮವೂ ಅದರೊಡನೆ ಬೆಳೆದ ನಿರೀಕ್ಷೆಯೂ ಒಂದು ಗಳಿಗೆಯಲ್ಲಿ ಕರಗಿಹೋದುವು. ಅಲ್ಲದೆ ಈ ಪರೀಕ್ಷೆ ಸರ್ವಸಮರ್ಪಕವಾದುದೂ ಅಲ್ಲ. ಹುಸಿ ಅಲೆಯನ್ನು ರಚಿಸಿದ್ದು ಯಾವ ಸಿದ್ಧಾಂತದಿಂದಲೋ, ಹುಡುಕುವವರು ಹಿಡಿದಿದ್ದುದೂ ಅದೇ ಸಿದ್ಧಾಂತವನ್ನು. ಆದುದರಿಂದ, ತಾವು ನಿರೀಕ್ಷಿಸುವುದನ್ನು ಸರಿಯಾಗಿ ಗುರುತಿಸಬಲ್ಲರೇ ಎಂಬುದನ್ನು ಅದು ತಿಳಿಸೀತೇ ಹೊರತು, ನಿರೀಕ್ಷೆಯೇ ತಪ್ಪಾಗಿದ್ದರೆ ಅದನ್ನು ತಿಳಿಸದು. ಒರೆಗಲ್ಲು ಚಿನ್ನವನ್ನು ಮಾತ್ರ ಪರೀಕ್ಷಿಸುತ್ತದೆ. ಒರೆಗಲ್ಲನ್ನು ಪರೀಕ್ಷಿಸಲು ಮತ್ತೊಂದು ಕಲ್ಲು ಬೇಕು.

ಇಷ್ಟಕ್ಕೂ ಅದರ ಫಲವು ಕೆಲವು ವರ್ಷಗಳಲ್ಲಿಯೇ ಕಂಡುಬಂದಿತು. ಯಂತ್ರಗಳನ್ನು ಇನ್ನಷ್ಟು ಸೂಕ್ಷ್ಮಗೊಳಿಸಿದ ತರುವಾಯ, 2015ರ ಸೆಪ್ಟೆಂಬರ್ 14ರಂದು ಲಿವಿಂಗ್‌ಸ್ಟನ್ನಿನಲ್ಲಿಯೂ ಅದಾದ ಒಂದು ಸೆಕೆಂಡಿನ ಸಾವಿರದಲ್ಲಿ ಸುಮಾರು ಏಳು ಪಾಲಿನ ಬಳಿಕ ಹ್ಯಾನ್‌ಫರ್ಡಿನಲ್ಲಿಯೂ ಒಂದೇ ಆಕಾರದ ಕಂಪನವು ದಾಖಲಾಯಿತು. ಅದನ್ನು ಮೊದಲು ಗಮನಿಸಿದವರು ಜರ್ಮನಿಯ ಹ್ಯಾನೋವರಿನಲ್ಲಿದ್ದ ಮಾರ್ಕೊ ದ್ರಾಗೊ ಎಂಬ ತರುಣ ವಿಜ್ಞಾನಿ. ‘ಸಿಕ್ಕಿತು!’ ಎಂಬ ಹರ್ಷೋದ್ಗಾರಕ್ಕೆ ಬದಲಾಗಿ, ‘ಇದು ನಮ್ಮವರೇ ಸೇರಿಸಿದ್ದಲ್ಲವಷ್ಟೆ?’ ಎಂಬ ಪ್ರಶ್ನೆಯೇ ಮೊದಲು ಹುಟ್ಟಿತು. ಗುಪ್ತಪರೀಕ್ಷೆಯ ಏರ್ಪಾಡು ಅಂದು ಇನ್ನೂ ಚಾಲನೆಗೆ ಬಂದಿರಲಿಲ್ಲ; ಆದರೂ ಸಂಶಯವು ಅಭ್ಯಾಸವಾಗಿದ್ದಿತು. ಹೊರಗಿನವರಾರಾದರೂ ಕುಚೋದ್ಯಕ್ಕಾಗಿ ನುಸುಳಿದರೇ ಎಂಬುದನ್ನೂ ವಿಚಾರಿಸಿದರು. ಐದು ತಿಂಗಳ ಪರಿಶೀಲನೆಯ ಬಳಿಕ, 2016ರ ಫೆಬ್ರವರಿ 11ರಂದು ಲೋಕಕ್ಕೆ ಸಾರಿದರು: ಸುಮಾರು 130 ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿ, ಸೂರ್ಯನಿಗಿಂತ ಸುಮಾರು 36 ಮತ್ತು 29 ಪಟ್ಟು ಭಾರದ ಎರಡು ಕೃಷ್ಣವಿವರಗಳು ಒಂದಾಗಿದ್ದುವು. ರೈನರ್ ವೈಸ್, ಬ್ಯಾರಿ ಬ್ಯಾರಿಷ್, ಕಿಪ್ ಥಾರ್ನ್ ಇವರಿಗೆ 2017ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಈ ಕಥೆಯಲ್ಲಿ ಕನ್ನಡನಾಡಿಗೆ ಹೆಮ್ಮೆಯ ಒಂದು ಭಾಗವುಂಟು. ಬೆಂಗಳೂರಿನಲ್ಲಿ ಹುಟ್ಟಿದ ಸಿ. ವಿ. ವಿಶ್ವೇಶ್ವರ ಅವರು ವೆಬರರಿದ್ದ ಮೇರಿಲೆಂಡ್ ವಿಶ್ವವಿದ್ಯಾನಿಲಯದಲ್ಲಿಯೇ ಸಂಶೋಧನ ವಿದ್ಯಾರ್ಥಿಯಾಗಿದ್ದವರು. ಕದಡಲ್ಪಟ್ಟ ಕೃಷ್ಣವಿವರವು, ಹೊಡೆದ ಗಂಟೆಯ ನಾದವು ಕ್ರಮೇಣ ಅಡಗುವಂತೆ, ಕಂಪಿಸುತ್ತಾ ಶಾಂತವಾಗುವುದೆಂದು ಅವರು 1970ರಲ್ಲಿಯೇ ಗಣಿತದಿಂದ ತೋರಿಸಿಕೊಟ್ಟಿದ್ದರು. 2015ರ ಸಂಕೇತದ ಕೊನೆಯ ಭಾಗವು ಆ ವರ್ಣನೆಗೆ ಹೊಂದುವಂತಿದ್ದಿತು. 2017ರ ಜನವರಿಯಲ್ಲಿ ಅವರು ತೀರಿಕೊಳ್ಳುವ ಮೊದಲೇ ಆ ವಾರ್ತೆ ಹೊರಬಂದಿತೆಂಬುದು ಸಮಾಧಾನದ ಸಂಗತಿ. ಒಂದೇ ವಿದ್ಯಾಪೀಠದ ನೆರಳಿನಲ್ಲಿ ಬೆಳೆದ ಎರಡು ಕಾರ್ಯಗಳಲ್ಲಿ ಒಂದು ಅವಸರದಿಂದ ಕೆಟ್ಟಿತು, ಮತ್ತೊಂದು ನಾಲ್ವತ್ತೈದು ವರ್ಷ ಕಾದು ಬೆಳಕು ಕಂಡಿತು. ಮಹಾರಾಷ್ಟ್ರದ ಹಿಂಗೋಲಿಯಲ್ಲಿ ಇಂತಹುದೇ ವೀಕ್ಷಣಾಲಯವನ್ನು ಕಟ್ಟಲು ಭಾರತ ಸರ್ಕಾರವು 2023ರಲ್ಲಿ ಮಂಜೂರಾತಿ ನೀಡಿದೆ. ಯಂತ್ರದೊಡನೆ ಈ ಶಿಸ್ತೂ ನಮ್ಮಲ್ಲಿಗೆ ಬರಲೆಂದು ಹಾರೈಸೋಣ.

ಇದರಿಂದ ನಮ್ಮ ಗೃಹಜೀವನಕ್ಕೆ ಏನು ಬಂದಿತೆಂದು ಕೇಳಬಹುದು. ಮಗಳಿಗೆ ವರನನ್ನು ಗೊತ್ತುಮಾಡುವಾಗ, ಸ್ನೇಹಿತನ ಮಾತನ್ನು ನಂಬಿ ಹಣ ತೊಡಗಿಸುವಾಗ, ವೈದ್ಯನ ಮಾತಿನಲ್ಲಿ ಬೇಕಾದಷ್ಟನ್ನೇ ಕಿವಿಗೆ ಹಾಕಿಕೊಳ್ಳುವಾಗ, ನಮಗೆಲ್ಲ ಒಂದು ‘ದೊಡ್ಡ ನಾಯಿ’ ಕಾಣಿಸಿಕೊಳ್ಳುತ್ತದೆ. ಏಕಾಂತದಲ್ಲಿ ಎಷ್ಟೇ ಆತ್ಮಪರೀಕ್ಷೆ ಮಾಡಿಕೊಂಡರೂ ಅಲ್ಲಿ ಪರೀಕ್ಷಕನಾಗಿ ಕುಳಿತಿರುವುದು ಅದೇ ಆಸೆಯೇ. ಆದಕಾರಣ ಸತ್ಯವನ್ನು ಬಯಸುವವನು ತನ್ನನ್ನು ಅಲ್ಲಗಳೆಯುವ ಅಧಿಕಾರವನ್ನು, ತನ್ನ ಮನಸ್ಸು ತಿಳಿಯಾಗಿರುವಾಗಲೇ, ಇನ್ನೊಬ್ಬರಿಗೆ ಒಪ್ಪಿಸಿರಬೇಕು. ಸಮಯ ಬಂದಾಗ ಅವರ ಮೇಲೆ ಮುನಿಯಬಾರದು. ಆಸೆಯನ್ನು ಕೊಲ್ಲಬೇಕಾದುದಿಲ್ಲ, ಅದನ್ನು ಸಾಕ್ಷಿಗಳ ನಡುವೆ ಕೂರಿಸಿದರೆ ಸಾಕು. ಕಾದು ಕುಳಿತ ಆ ತಾಯಿ ಅಗುಳಿ ತೆಗೆಯುವ ಮುನ್ನ ‘ಯಾರು?’ ಎಂದು ಕೇಳಿದರೆ ಅದು ಪ್ರೀತಿಯ ಕೊರತೆಯಲ್ಲ. ಹೊರಗೆ ನಿಂತವನು ಮಗನೇ ಆಗಿದ್ದರೆ ಅವನು ತಪ್ಪದೆ ಉತ್ತರ ಕೊಡುತ್ತಾನೆ.