ಇಟ್ಟ ಒಡವೆ, ತೊಟ್ಟ ಒಡವೆ

ಈಗ ಎಕ್ಸ್ ಎನಿಸಿಕೊಂಡಿರುವ ಟ್ವಿಟರ್ ಸಂಸ್ಥೆ, ಖಾತೆಯ ಭದ್ರತೆಗೆಂದು ಬಳಕೆದಾರರಿಂದ ಫೋನ್ ನಂಬರು ಅಥವಾ ಈಮೇಲ್ ವಿಳಾಸ ಕೇಳುತ್ತಿತ್ತು. 2013ರಿಂದ 2019ರವರೆಗೆ 14 ಕೋಟಿಗೂ ಹೆಚ್ಚು ಜನ ನಂಬಿ ಕೊಟ್ಟರು. ಜಾಹೀರಾತುದಾರರು ತಮ್ಮ ಬಳಿಯಿದ್ದ ನಂಬರುಗಳ ಪಟ್ಟಿ ತಂದಾಗ, ಸಂಸ್ಥೆ ಇವುಗಳೊಂದಿಗೆ ತಾಳೆ ನೋಡಿ, ಸರಿಹೊಂದಿದವರಿಗೆ ಜಾಹೀರಾತು ತೋರಿಸಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನ ದೂರಿನ ಮೇಲೆ 2022ರಲ್ಲಿ 15 ಕೋಟಿ ಡಾಲರ್ ದಂಡ ತೆರಲು ಒಪ್ಪಿತು.

ನಂಬರೇನೂ ಕಳೆದುಹೋಗಲಿಲ್ಲ, ಜಾಹೀರಾತು ನೋಡಿ ಯಾರ ಗಂಟೂ ಹೋಗಲಿಲ್ಲ, ಹಾಗಾದರೆ ತಪ್ಪೇನು ಎಂದು ಕೇಳುವವರಿದ್ದಾರೆ. ಜೋಪಾನಕ್ಕೆಂದು ಪಕ್ಕದ ಮನೆಯಲ್ಲಿಟ್ಟ ಒಡವೆಯನ್ನು ಅವರು ತೊಟ್ಟು ನಾಲ್ಕು ಮದುವೆ ಸುತ್ತಿಬಂದು, ಗುಂಜಿಯಷ್ಟೂ ಸವೆಯದಂತೆ ಹಿಂದಿರುಗಿಸಿದರೆ ನಾವು ಸುಮ್ಮನಿರುತ್ತೇವೆಯೇ? ಒಡವೆಯನ್ನು ನಾವು ಒಂದು ಮಾತಿನ ಮೇಲೆ ಕೊಟ್ಟಿದ್ದೆವು. ಒಡವೆ ಉಳಿಯಿತು, ಮಾತು ಉಳಿಯಲಿಲ್ಲ. ಇದರ ನಷ್ಟವೂ ಸಣ್ಣದಲ್ಲ: ಮುಂದೆ ನಿಜವಾದ ಭದ್ರತೆಗೆ ನಂಬರು ಕೇಳಿದರೂ ಜನ ಹಿಂಜರಿಯುತ್ತಾರೆ, ಖಾತೆಗೆ ಬೀಗವಿಲ್ಲದಂತಾಗುತ್ತದೆ.

ಇಂಥ ಸಾಫ್ಟ್‌ವೇರ್ ಬರೆಯುವವರು ನಮ್ಮಂಥವರೇ ತಾನೇ? ಡೇಟಾಬೇಸಿಗೆ ಎಲ್ಲ ನಂಬರೂ ಒಂದೇ. ಯಾವುದನ್ನು ಯಾರು ಏತಕ್ಕಾಗಿ ಕೊಟ್ಟರೆಂದು ನೆನಪಿಡಬೇಕಾದವರು ನಾವು.