ಮರೆವು ಯಾರ ತಪ್ಪು?

ತಂದೆಯು ಮಗನ ಹೆಸರನ್ನೇ ಮರೆತರೆ ಲೋಕವು ಅದನ್ನು ಮುಪ್ಪೆಂದು ಸುಮ್ಮನಾಗುತ್ತಿದ್ದಿತು. ಇಂತಹ ಮರೆವಿಗೆ ಮಿದುಳಿನಲ್ಲಿಯೇ ವಿಕಾರವುಂಟೆಂಬುದನ್ನು ಜರ್ಮನಿಯ ವೈದ್ಯನಾದ ಆಲ್ಜೈಮರನು 1906ರಲ್ಲಿ ತೋರಿಸಿದನು. ಆ ಕಾಲದಲ್ಲಿಯೇ ರಷ್ಯದ ಮೆಚ್ನಿಕಾಫನು, ಮುಪ್ಪಿನ ಬೀಜವು ಕರುಳಿನ ಸೂಕ್ಷ್ಮಜೀವಿಗಳಲ್ಲಿದೆಯೆಂದು ವಾದಿಸಿ ಹುಳಿ ಹಾಲನ್ನು ಹೊಗಳಿದನು.

ಇಂದಿನ ವಿಜ್ಞಾನವು ಈ ಎರಡು ದಾರಿಗಳನ್ನು ಕೂಡಿಸಲೆಳಸುತ್ತಿದೆ. ಕಾಳು, ಸೊಪ್ಪುಗಳ ನಾರನ್ನು ಕರುಳಿನ ಜೀವಿಗಳು ಹುದುಗಿಸಿದಾಗ ಬ್ಯುಟಿರೇಟೆಂಬ ಪದಾರ್ಥವು ಹುಟ್ಟುವುದು. ವಂಶಸೂತ್ರವೆಂಬ ಗ್ರಂಥದ ಅಕ್ಷರಗಳನ್ನು ಅದು ತಿದ್ದುವುದಿಲ್ಲ. ಯಾವ ಪುಟವು ತೆರೆದಿರಬೇಕು, ಯಾವುದು ಮುಚ್ಚಿರಬೇಕು ಎಂಬ ಗುರುತುಗಳನ್ನು ಮಾತ್ರ ಬದಲಿಸಬಲ್ಲುದು. 2021ರಲ್ಲಿ ಐರ್ಲೆಂಡಿನ ಕಾರ್ಕ್ ನಗರದ ಸಂಶೋಧಕರು ಎಳೆಯ ಇಲಿಗಳ ಕರುಳಿನ ಜೀವಿಗಳನ್ನು ಮುದಿ ಇಲಿಗಳಿಗೆ ಸೇರಿಸಲು, ಇವುಗಳ ಮಿದುಳಿನ ಮುಪ್ಪಿನ ಕೆಲವು ಲಕ್ಷಣಗಳು ಹಿಮ್ಮೆಟ್ಟಿದವು. ಮನುಷ್ಯರಲ್ಲಿ ಇದು ಇನ್ನೂ ಸಿದ್ಧಪಟ್ಟಿಲ್ಲ.

ಹೀಗಿರಲು, ಮರೆವಿಗೆ ತುತ್ತಾದವನು ತನ್ನ ಆಹಾರದೋಷದ ಫಲವನ್ನೇ ಉಣ್ಣುತ್ತಿರುವನೆಂದು ಹೇಳಬಹುದೆ? ಹಾಗೆನ್ನುವುದು ಅವಿವೇಕವು. 1944-45ರ ಚಳಿಗಾಲದಲ್ಲಿ ಯುದ್ಧದಿಂದ ಹಾಲೆಂಡಿಗೆ ಕ್ಷಾಮವೊದಗಿತು. ಆಗ ತಾಯಿಯ ಗರ್ಭದಲ್ಲಿದ್ದವರನ್ನು ಅರವತ್ತು ವರುಷಗಳ ಮೇಲೆ ಪರೀಕ್ಷಿಸಲಾಗಿ, ಅವರ ವಂಶಸೂತ್ರದ ಮೇಲಣ ಗುರುತುಗಳಲ್ಲಿ ಆ ಹಸಿವಿನ ಕುರುಹು ಉಳಿದಿದ್ದಿತೆಂದು 2008ರಲ್ಲಿ ಪ್ರಕಟವಾಯಿತು. ಗರ್ಭಸ್ಥ ಶಿಶುವು ಯಾವ ಅಪಥ್ಯವನ್ನು ಮಾಡಿದ್ದಿತು?

ದೇಹದ ಲೆಕ್ಕದಲ್ಲಿ ತಾಯಿಯ ಹಸಿವೂ, ಅರಸರ ಕಲಹವೂ, ನೆರೆಹೊರೆಯ ಬಡತನವೂ ಬರೆದಿರುತ್ತವೆ. ಸ್ವಂತದ ಆಯ್ಕೆಯು ಅದರಲ್ಲಿ ಒಂದು ಪಾಲು ಮಾತ್ರ. ಆ ಪಾಲಿನ ಮಟ್ಟಿಗೆ, ಆರೋಗ್ಯವುಳ್ಳವನಿಗೆ ಈ ಅರಿವು ಊಟದ ನಿಯಮವಾಗಲಿ. ಬಸುರಿಯ ಎಲೆಗೆ ಅನ್ನವು ಬೀಳುವಂತೆ ನೋಡುವುದು ಸಮಾಜದ ಧರ್ಮವಾಗಲಿ. ಮರೆತ ಮುದುಕನ ಮುಂದೆ ಮಾತ್ರ ಅದು ತೀರ್ಪಾಗದಿರಲಿ. ಅಲ್ಲಿ ಸಲ್ಲುವುದು ಶುಶ್ರೂಷೆಯೊಂದೇ.